ಪುಟ್ಟಿಗೆ, ಆ ಹೆದರಿಕೆಯ ಬಗ್ಗೆ

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಬಿಡು. ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ ಕೇಳಿದ್ದೀಯಲ್ಲ, ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್ ಜನರ (ಬೋಯರರ) ನೋವನ್ನು ನಿನ್ನ ಅಧ್ಯಾಯದಲ್ಲಿ ಬರೆದರೆ ವರ್ಣಭೇದಕ್ಕೆ ವಕಾಲತ್ತು ಹಾಕಿದಂತಾಗುತ್ತದಾ ಅಂತ, ಅದು ಎರಡು ದಿನದಿಂದ ತಲೆ ಕೊರೆಯುತ್ತಿದೆ.

ನಿನ್ನ ಫೋರ್‌ಟ್ರೆಕ್ಕರ್ಸ್ ಸಂಘ, ಅಂದರೆ ಆಫ್ರಿಕಾನರ್ ಮಕ್ಕಳ ಸ್ಕೌಟ್ ಮಾದರಿಯ ಸಂಘ, ಹುಟ್ಟಿದ್ದು 1931ರಲ್ಲಿ, ಬ್ಲೂಮ್‌ಫಾಂಟೇನಿನಲ್ಲಿ. ಅದರ ಬೇರು ಮಾತ್ರ ಮೂವತ್ತು ವರ್ಷ ಹಿಂದಕ್ಕಿದೆ. ಬೋಯರ್ ಯುದ್ಧದಲ್ಲಿ ಬ್ರಿಟಿಷರು ಈ ಜನರ ಹೊಲಮನೆಗಳನ್ನು ಸುಟ್ಟು ಹೆಂಗಸರು ಮಕ್ಕಳನ್ನು ಶಿಬಿರಗಳಿಗೆ ತುಂಬಿದರು. ದಡಾರ, ನ್ಯುಮೋನಿಯಾ, ವಿಷಮಶೀತಜ್ವರಕ್ಕೆ ಸುಮಾರು 26,000 ಹೆಂಗಸರು, ಮಕ್ಕಳು ಸತ್ತರು. ಅದರಲ್ಲಿ 22,000ದಷ್ಟು 16 ವರ್ಷದೊಳಗಿನವರು. ಯುದ್ಧ ಮುಗಿದ ಮೇಲೆ ಶಾಲೆಯಲ್ಲಿ ಇಂಗ್ಲಿಷ್ ಹೇರಿಕೆ ಬೇರೆ. ಅವರ ಮನೆಮಾತು ಆಫ್ರಿಕಾನ್ಸ್ ಅಧಿಕೃತ ಭಾಷೆಯಾಗಲು 1925 ಬರಬೇಕಾಯಿತು.

ಇಂಥ ಮನೆಯ ಹುಡುಗ ಸ್ಕೌಟ್ ಸೇರಿದರೆ ದೇವರ ಜೊತೆಗೆ ರಾಜನಿಗೂ ನಿಷ್ಠೆಯ ಪ್ರತಿಜ್ಞೆ ಮಾಡಬೇಕು. ಯಾವ ರಾಜ? ಶಿಬಿರ ಕಟ್ಟಿದ ಸಾಮ್ರಾಜ್ಯದವನು. ಸ್ಕೌಟ್ ಕಟ್ಟಿದ ಬೇಡನ್ ಪೋವೆಲ್ ಯಾರು? ಮಾಫೆಕಿಂಗ್‌ನಲ್ಲಿ 217 ದಿನ ಬೋಯರ್ ಮುತ್ತಿಗೆ ತಡೆದು ಹೆಸರು ಮಾಡಿದ ಸೇನಾಧಿಕಾರಿ. ಹೀಗಾಗಿಯೇ ಸಂಸದ ಎನ್. ಜೆ. ಫಾನ್ ಡರ್ ಮೆರ್ವ ಸ್ಕೌಟ್‌ಗೆ ಬದಲಾದ ಈ ಸಂಘದ ಮುಂದಾಳಾದರು. ಹುಡುಗರು, ಹುಡುಗಿಯರು ಒಂದೇ ಸಂಘದಲ್ಲಿ. ಘೋಷವಾಕ್ಯ 'ಹೌ ಕೂರ್ಸ್', ದಿಕ್ಕು ತಪ್ಪದಿರು ಅಂತ.

ಇಷ್ಟು ಬರೆದು ನಿಲ್ಲಿಸಿದರೆ ನೀನು ಹೆದರಿದ್ದೇ ನಿಜವಾಗುತ್ತದೆ. ಪಾಠ ಹೇಳುವ ಕಾಲದಲ್ಲಿ ನಾನು ನಿಲ್ಲಿಸುತ್ತಿದ್ದುದೂ ಇಲ್ಲಿಗೇ. ಕಪ್ಪು ಜನರಿಗೂ ಪ್ರತ್ಯೇಕ ಶಿಬಿರಗಳಿದ್ದವು, ಅಲ್ಲಿ ದಾಖಲಾದ ಸಾವುಗಳೇ 14,000 ದಾಟುತ್ತವೆ ಅನ್ನುವುದನ್ನು ಒಂದು ವರ್ಷವೂ ಹೇಳಲಿಲ್ಲ. ಪಠ್ಯದಲ್ಲಿರಲಿಲ್ಲ ಅನ್ನುವುದು ನೆಪ.

ಆದ್ದರಿಂದ, ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಎರಡು ಲೆಕ್ಕವನ್ನೂ ಒಂದೇ ಪ್ಯಾರಾದಲ್ಲಿ ಹಾಕು. ಅಡಿಟಿಪ್ಪಣಿಗೆ ತಳ್ಳಬೇಡ. 1913ರ ಡಿಸೆಂಬರ್ 16ರಂದು ಬ್ಲೂಮ್‌ಫಾಂಟೇನಿನಲ್ಲಿ ಶಿಬಿರಗಳಲ್ಲಿ ಸತ್ತ ಬೋಯರ್ ಹೆಂಗಸರು, ಮಕ್ಕಳ ನೆನಪಿನ ಮಹಿಳಾ ಸ್ಮಾರಕ ಅನಾವರಣವಾಯಿತು ಅಂತ ಬರೆಯುವಾಗ, ಅದೇ ವರ್ಷ ಜೂನ್‌ನಲ್ಲಿ ಬಂದ ಭೂ ಕಾಯ್ದೆ ಕಪ್ಪು ಜನರಿಗೆ ಸುಮಾರು ಶೇ. 7ರಷ್ಟು ನೆಲವನ್ನಷ್ಟೇ ಬಿಟ್ಟಿತು ಅಂತಲೂ ಪಕ್ಕದಲ್ಲೇ ಬರಲಿ.

ನಿನ್ನ ಹೆದರಿಕೆಗೆ ಇನ್ನೂ ಗಟ್ಟಿ ಉತ್ತರ ಭಾಷೆಯಲ್ಲೇ ಇದೆ. ಸಂಘ ಬೇಕಾದದ್ದು ಬರೀ ಭಾಷೆಗಾಗಿ ಅನ್ನುವುದಾದರೆ ಕೇಪ್ ಪ್ರಾಂತ್ಯದ ಮಿಶ್ರವರ್ಣದ ಮಕ್ಕಳಿಗೆ ಬಾಗಿಲು ತೆರೆಯಬೇಕಿತ್ತು. ಅವರ ಮನೆಮಾತೂ ಆಫ್ರಿಕಾನ್ಸ್. ಕೇಪಿನ ಮುಸ್ಲಿಮರು 19ನೇ ಶತಮಾನದಲ್ಲೇ ಆ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಬಾಗಿಲು ತೆರೆದದ್ದು ಬಿಳಿಯ ಮಕ್ಕಳಿಗೆ ಮಾತ್ರ. ನೋವು ನಿಜ, ಬೇಲಿಯೂ ನಿಜ. ಹಾಗಂತ ಸ್ಕೌಟ್‌ನವರೇನೂ ಸಾಚಾ ಅಲ್ಲ: ಅಲ್ಲಿನ ಕಪ್ಪು ಹುಡುಗರನ್ನು 'ಪಾತ್‌ಫೈಂಡರ್ಸ್' ಅಂತ ಬೇರೆ ಇಟ್ಟಿದ್ದರು. ನಮ್ಮ ಬೆಂಗಳೂರಿನಲ್ಲಿ 1909ರಲ್ಲಿ ಶುರುವಾದ ಸ್ಕೌಟ್ ದಳಕ್ಕೂ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ. ಬೋಯರ್ ಕೈದಿಗಳನ್ನು ತಂದಿಟ್ಟ ಊರುಗಳಲ್ಲಿ ಬಳ್ಳಾರಿಯೂ ಒಂದು. ಇದು ನಿನ್ನ ಅಧ್ಯಾಯಕ್ಕೆ ಬೇಡವೇನೋ, ಸುಮ್ಮನೆ ಹೇಳಿದೆ.

ಇನ್ನೊಂದು ಸಣ್ಣ ಮಾತು. 1830ರ ದಶಕದಲ್ಲಿ ಎತ್ತಿನಗಾಡಿ ಕಟ್ಟಿ ಒಳನಾಡಿಗೆ ಹೊರಟವರ ಹೆಸರೂ ಫೋರ್‌ಟ್ರೆಕ್ಕರ್ಸ್. ಪ್ರತಿ ಸಲವೂ 'ಸಂಘ' ಅಂತ ಸೇರಿಸು, ಇಲ್ಲದಿದ್ದರೆ ಓದುವವರಿಗೆ ನೂರು ವರ್ಷ ಕಲಸಿಹೋಗುತ್ತದೆ. ಅವರ ಪಯಣದ ನೂರನೇ ವರ್ಷದ ನೆನಪಿಗೆ 1938ರಲ್ಲಿ ನಡೆಸಿದ ಗಾಡಿಯಾತ್ರೆಯನ್ನು ಹುಟ್ಟಿನ ಅಧ್ಯಾಯಕ್ಕೆ ತುರುಕಬೇಡ. ಅಷ್ಟರಲ್ಲಿ ಸಂಘಕ್ಕೆ ಏಳು ವರ್ಷ.

ಕರಡು ಕಳಿಸು. ಅಕ್ಷರ ದೊಡ್ಡದಿರಲಿ, ಕನ್ನಡಕದ ನಂಬರು ಮತ್ತೆ ಏರಿದೆ.

ಇಂತಿ,
ನಿನ್ನ ಮಾವ