ಸೇಲ್ ಕಮಿಟಿ ಸೇರಿದ ಪುಟ್ಟುಗೆ

ಪ್ರೀತಿಯ ಪುಟ್ಟು,

ನಿಮ್ಮ ಕಾಂಡೋ ಎನ್‌ ಬ್ಲಾಕ್ ಮಾರಾಟಕ್ಕೆ (ಅಪಾರ್ಟ್‌ಮೆಂಟಿನ ಎಲ್ಲ ಮನೆಗಳನ್ನೂ ಒಟ್ಟಿಗೇ ಮಾರುವುದು) ಹೊರಟಿದೆ, ಅದನ್ನು ನಡೆಸುವ ಸೇಲ್ ಕಮಿಟಿಗೆ ನಿನ್ನನ್ನೂ ಆರಿಸಿದ್ದಾರೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮೈಸೂರಿನಲ್ಲಿ ಕೂತ ಅವಳಿಗೆ ಇದು ವಿಚಿತ್ರ. "ನಾನು ಮಾರಲ್ಲ ಅಂದ್ರೂ ನನ್ನ ಮನೆ ಮಾರಿಬಿಡ್ತಾರಾ, ಇದೆಂಥ ಕಾನೂನೇ?" ಅಂತ ಕೇಳಿದಳು. ಸಿಂಗಪುರದಲ್ಲಿ 1999ರಿಂದ ಹಾಗೇ ನಡೆದಿದೆ. ಕಟ್ಟಡಕ್ಕೆ 10 ವರ್ಷ ಆಗಿದ್ದರೆ ಶೇಕಡ 80 ಒಪ್ಪಿಗೆ ಸಾಕು, ಹೊಸದಾದರೆ 90 ಬೇಕು. ಅದೂ ಸುಮ್ನೆ ತಲೆ ಎಣಿಸುವುದಲ್ಲ, ಶೇರ್ ವ್ಯಾಲ್ಯೂ (ಒಟ್ಟು ಎಸ್ಟೇಟಿನಲ್ಲಿ ಪ್ರತಿ ಮನೆಗೂ ಗೊತ್ತುಮಾಡಿದ ಪಾಲು) ಮತ್ತು ಮನೆಗಳ ವಿಸ್ತೀರ್ಣ ಎರಡರಲ್ಲೂ ಅಷ್ಟು ಬರಬೇಕು. ಇದೆಲ್ಲ ನಿನಗೆ ಗೊತ್ತಿರುತ್ತೆ ಬಿಡು.

ನಾನು ಬರೆಯುತ್ತಿರುವುದು ಮಾರಾಟಕ್ಕೆ ಒಪ್ಪಿ ಸಹಿ ಹಾಕದವರ ಬಗ್ಗೆ.

ನಮ್ಮ ಹಳೇ ಅಪಾರ್ಟ್‌ಮೆಂಟ್ ಎಸ್ಟೇಟ್ ಮಾರಾಟವಾದಾಗ ನಾವೂ ಸಹಿ ಹಾಕಿದವರೇ. ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಎಷ್ಟು ಪರ್ಸೆಂಟ್ ಆಯಿತು ಅಂತ ನೋಟಿಸ್ ಹಾಕುತ್ತಿದ್ದರು. 70 ದಾಟುವವರೆಗೆ ಎಲ್ಲರೂ ನಗುನಗುತ್ತಾ ಇದ್ದರು. ಆಮೇಲೆ ಶುರುವಾಯಿತು. ಮೂರನೇ ಮಹಡಿಯ ವಯಸ್ಸಾದ ಗಂಡ ಹೆಂಡತಿ ಸಹಿ ಹಾಕಿರಲಿಲ್ಲ. ಯಾರೋ ಅವರ ಲೆಟರ್‌ಬಾಕ್ಸಿನ ಕೀಲಿ ತೂತಿಗೆ ಗೋಂದು ಸುರಿದರು. ಆ ಅಜ್ಜ ಹೇರ್‌ಪಿನ್ ಹಿಡಿದು ಕುಕ್ಕರಗಾಲಲ್ಲಿ ಕೂತು ಗೋಂದು ಕೆರೆಯುತ್ತಿದ್ದರೆ, ವರ್ಷಗಟ್ಟಲೆ ಅವರ ಜೊತೆ ಕಾಫಿ ಕುಡಿದವರು ಮೊಬೈಲ್ ನೋಡಿಕೊಂಡು ಲಿಫ್ಟ್ ಹತ್ತಿದರು. ಮಾಡಿದವರು ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಕಮಿಟಿಯವರು ಒಂದು ಮಾತೂ ಆಡಲಿಲ್ಲ, ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಅವರನ್ನು ಹಟಮಾರಿಗಳು ಅನ್ನುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡು. ಬರುವ ದುಡ್ಡಿಗೆ ಅದೇ ಏರಿಯಾದಲ್ಲಿ ಅಷ್ಟೇ ದೊಡ್ಡ ಮನೆ ಸಿಗುತ್ತಾ? ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಮರುಮಾರಾಟದ ಮನೆಗೆ ಹೋಗೋಣ ಅಂದರೆ, ಖಾಸಗಿ ಮನೆ ಮಾರಿದವರು 15 ತಿಂಗಳು ಕಾಯಬೇಕು ಅಂತ 2022ರಲ್ಲಿ ನಿಯಮ ತಂದರು. 55 ದಾಟಿದವರಿಗೆ ವಿನಾಯಿತಿ ಕೊಟ್ಟರು ನಿಜ, ಆದರೆ ನಾಲ್ಕು ರೂಮಿನದೋ ಅದಕ್ಕಿಂತ ಚಿಕ್ಕದೋ ಕೊಂಡರೆ ಮಾತ್ರ. ಮಾರ್ಕೆಟ್ ಏರಿದಾಗ ಕೊಂಡವರ ಕಥೆ ಬೇರೆ. ಖರ್ಚು ಕಳೆದು ಕೈಗೆ ಬರುವ ಹಣ ಕೊಂಡ ಬೆಲೆಗಿಂತ ಕಮ್ಮಿಯಾದರೆ, ಅಥವಾ ಬ್ಯಾಂಕ್ ಸಾಲ ತೀರಿಸಲೂ ಸಾಲದಿದ್ದರೆ, ಕಾನೂನೇ ಅವರ ಆಕ್ಷೇಪಣೆಗೆ ಬೆಲೆ ಕೊಡುತ್ತೆ. ಹಾಗಾಗಿ "ಯಾಕೆ ಸಹಿ ಹಾಕಿಲ್ಲ" ಅಂತ ಕೇಳುವ ಮುಂಚೆ, ಯಾವಾಗ ಕೊಂಡಿರಿ, ಎಷ್ಟು ಸಾಲ ಉಳಿದಿದೆ ಅಂತ ಕೇಳು. ಹಗಲು ಹೊತ್ತು ಹೋಗು. ಒಬ್ಬರೇ ಇರುವ ಮುದುಕಿಯ ಮನೆಗೆ ರಾತ್ರಿ ಒಂಬತ್ತಕ್ಕೆ ನಾಲ್ಕು ಜನ ಏಜೆಂಟ್ ಕರಕೊಂಡು ಹೋಗಿ ಕೂರಬೇಡಿ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ವಾಪಸ್ ತಗೊಳ್ಳಲು ಐದು ದಿನ ಇದೆ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ, ಅದನ್ನು ನೀನೇ ಬಾಯಿಬಿಟ್ಟು ಹೇಳಬೇಕು.

ಹೊರೈಜನ್ ಟವರ್ಸ್ ಅನ್ನೋ ಕಾಂಡೋದ ಕೇಸ್ ಓದಿದ್ದೀಯಾ? 2007ರಲ್ಲಿ 50 ಕೋಟಿ ಸಿಂಗಪುರ ಡಾಲರ್‌ಗೆ ಮಾರಾಟ. ಸಹಿ 80ಕ್ಕಿಂತ ಜಾಸ್ತಿಯೇ ಇತ್ತು. ಆದರೂ 2009ರಲ್ಲಿ ಕೋರ್ಟ್ ಆಫ್ ಅಪೀಲ್ ಅದನ್ನು ರದ್ದು ಮಾಡಿತು. ಕಮಿಟಿ ಒಳ್ಳೇ ಬೆಲೆಗೆ ಸಾಕಷ್ಟು ಪ್ರಯತ್ನ ಪಡಲಿಲ್ಲ, ಅಲ್ಲೇ ಹೆಚ್ಚುವರಿ ಮನೆ ಕೊಂಡಿದ್ದ ಕೆಲವು ಕಮಿಟಿಯವರ ಸ್ವಂತ ಲಾಭದ ವಿಷಯವೂ ಬಂತು. ಕಮಿಟಿಯವರು ಸಹಿ ಹಾಕದವರ ಹಿತವನ್ನೂ ಕಾಯಬೇಕು ಅಂತ ಕೋರ್ಟಿನ ಮಾತು. ಆ ಅಲ್ಪಮತದ ಜನ ಎರಡು ವರ್ಷ ಅಲೆದಾಡಿದರು ಪುಟ್ಟು.

ನಿನಗೂ ಒಂದು ಪ್ರಶ್ನೆ. ಹೋದ ವರ್ಷ ಅದೇ ಎಸ್ಟೇಟಿನಲ್ಲಿ ಎರಡನೇ ಮನೆ ಕೊಳ್ಳುವ ಮಾತಾಡಿದ್ದೆಯಲ್ಲ, ಕೊಂಡೆಯಾ? ಕೊಂಡಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳು, ಮಿನಿಟ್ಸ್‌ನಲ್ಲಿ ಬರೆಸು. ನಾಲ್ಕು ಜನ ಗೊಣಗಿದರೆ ಗೊಣಗಲಿ.

ಭಾನುವಾರ ವ್ಯಾಲ್ಯುಯೇಶನ್ ರಿಪೋರ್ಟ್ ತಗೊಂಡು ಬಾ, ದುಡ್ಡು ಹಂಚುವ ಲೆಕ್ಕ ಚಿಕ್ಕಪ್ಪನಿಗೆ ತೋರಿಸೋಣ. ಊಟಕ್ಕೆ ಬಿಸಿಬೇಳೆಬಾತ್ ಮಾಡ್ತೀನಿ.

ನಿನ್ನ ಚಿಕ್ಕಮ್ಮ