ಮಗಳಿಗೊಂದು ಪತ್ರ: ತಿಮಿಂಗಿಲದ ಪಕ್ಕದ ಚುಕ್ಕೆ

ಪುಟ್ಟೀ,

ನೀನು ಕಳ್ಸಿದ ಚಾರ್ಟ್ ಫೋಟೋ ನೋಡ್ದೆ. ನೀಲಿ ತಿಮಿಂಗಿಲ ಸಕತ್ತಾಗಿ ಬಂದಿದೆ, ಆದ್ರೆ ಪಕ್ಕದಲ್ಲಿ ಡಯಾಟಮ್ (ನೀರಲ್ಲಿರೋ ಒಂದೇ ಕೋಶದ ಪಾಚಿ) ಅಂತ ಒಂದು ಹಸಿರು ಚುಕ್ಕೆ ಇಟ್ಟು ಕೈ ತೊಳ್ಕೊಂಡಿದೀಯಲ್ಲ, ಅದಕ್ಕೇ ಈ ಉದ್ದದ ಪತ್ರ. ಮೊದಲನೇದಾಗಿ ಅದು ಹಸಿರಲ್ಲ ಕಣೇ, ಕಂದು ಬಣ್ಣ. ಹೊಳೇಲಿ ಕಲ್ಲಿನ ಮೇಲೆ ಕಾಲಿಟ್ರೆ ಜಾರುತ್ತಲ್ಲ ಕಂದು ಲೋಳೆ, ಅದರಲ್ಲಿ ಹೆಚ್ಚಾಗಿ ಇವೇ ಇರ್ತಾವೆ.

ತಿಮಿಂಗಿಲ 30 ಮೀಟರ್, ಒಂದು ಡಯಾಟಮ್ 30 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಂತ ಇಟ್ಕೋ, ಹತ್ತು ಲಕ್ಷ ಪಟ್ಟು ವ್ಯತ್ಯಾಸ. ನಿನ್ನ ಚುಕ್ಕೆ 1 ಮಿಲಿಮೀಟರ್ ಆದ್ರೆ ತಿಮಿಂಗಿಲನ 1 ಕಿಲೋಮೀಟರ್ ಉದ್ದ ಬರೀಬೇಕು! ಆದ್ರೆ ತಮಾಷೆ ಏನಂದ್ರೆ ತಿಮಿಂಗಿಲದ ಜೀವಕೋಶಗಳೇನೂ ದೊಡ್ಡವಲ್ಲ, ನಿನ್ನವುಗಳಷ್ಟೇ, ಹೆಚ್ಚುಕಮ್ಮಿ ಈ ಡಯಾಟಮ್ಮಿನಷ್ಟೇ. ಅದು ಕೋಟಿ ಕೋಟಿ ಕೋಶ ಸೇರಿ ಬದುಕೋದನ್ನ ಇದು ಒಂದೇ ಕೋಶದಲ್ಲಿ ಬದುಕುತ್ತೆ, ಅದೂ ಗಾಜಿನ ಮನೇಲಿ. ಕುಂಕುಮದ ಡಬ್ಬಿ ಥರ ಮೇಲೊಂದು ಕೆಳಗೊಂದು ಸಿಲಿಕಾ (ಗಾಜಿನ ಮೂಲವಸ್ತು) ಚಿಪ್ಪು, ಕೋಶ ಒಡೆದು ಎರಡಾದಾಗ ಎರಡು ಮರಿಕೋಶಕ್ಕೂ ಒಂದೊಂದು ಹಳೇ ಚಿಪ್ಪು, ಅದನ್ನೇ ಮುಚ್ಚಳ ಮಾಡ್ಕೊಂಡು ಒಳಗೆ ಹೊಸದು ಕಟ್ಕೋತಾವೆ, ಹಾಗಾಗಿ ಕೆಳಗಿನ ಚಿಪ್ಪು ಸಿಕ್ಕಿದ್ದು ತಲೆಮಾರಿಂದ ತಲೆಮಾರಿಗೆ ಸಣ್ಣ ಆಗ್ತಾ ಹೋಗುತ್ತೆ. ತೀರಾ ಸಣ್ಣ ಆದ್ಮೇಲೆ ಎರಡು ಸೇರಿ ಮತ್ತೆ ದೊಡ್ಡ ಸೈಜಿಂದ ಶುರು.

ಅಂಟಾರ್ಕ್ಟಿಕಾ ಸುತ್ತ ಇದನ್ನ ಕ್ರಿಲ್ ತಿನ್ನುತ್ತೆ, ಸಿಗಡಿ ಥರದ್ದು, ಕಿರುಬೆರಳಷ್ಟುದ್ದ. ಕ್ರಿಲ್ಲನ್ನ ತಿಮಿಂಗಿಲ ದಿನಕ್ಕೆ ಟನ್‌ಗಟ್ಟಲೆ ನುಂಗುತ್ತೆ. ಇಷ್ಟು ನಿನ್ನ ಪುಸ್ತಕದಲ್ಲೇ ಇರುತ್ತೆ. ಮುಂದಿನದ್ದು ಕೇಳು, ನಗಬೇಡ, ತಿಮಿಂಗಿಲದ ಕಕ್ಕ. ಆ ಸಮುದ್ರದಲ್ಲಿ ಬಿಸಿಲಿದೆ, ನೈಟ್ರೇಟ್ ಅನ್ನೋ ಪೋಷಕಾಂಶ ಇದೆ, ತೀರಾ ಕಮ್ಮಿ ಇರೋದು ಕಬ್ಬಿಣ, ಕಬ್ಬಿಣ ಇಲ್ದೆ ಪಾಚಿ ಬೆಳೆಯಲ್ಲ. ತಿಮಿಂಗಿಲ ಆಳದಲ್ಲಿ ತಿಂದು ಮೇಲೆ ಬಂದು ಬಿಡೋ ಆ ಕೆಂಪು ಮೋಡದಲ್ಲಿ ಕಬ್ಬಿಣ ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಜಾಸ್ತಿ. ಪಾಚಿಗೆ ಗೊಬ್ಬರ ಸಿಕ್ತು.

20ನೇ ಶತಮಾನದಲ್ಲಿ ದಕ್ಷಿಣ ಸಾಗರದಲ್ಲಿ 3 ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲ ಕೊಂದ್ರು, ಎಣ್ಣೆಗೋಸ್ಕರ. 1966ರಲ್ಲಿ ನಿಷೇಧ ಬಂತು. ತಿನ್ನೋರೇ ಇಲ್ಲ ಅಂದ್ಮೇಲೆ ಕ್ರಿಲ್ ತುಂಬಿ ತುಳುಕಬೇಕಿತ್ತು ತಾನೆ? ಉಲ್ಟಾ, ಎಷ್ಟೋ ಕಡೆ ಕಮ್ಮಿ ಆಯ್ತು. ಸಮುದ್ರ ಬಿಸಿಯಾಗಿ ಐಸ್ ಕರಗ್ತಿರೋದೂ ಒಂದು ಕಾರಣ, ಆದ್ರೆ ತಿಮಿಂಗಿಲ ಕಮ್ಮಿಯಾಗಿ ಪಾಚಿಗೆ ಗೊಬ್ಬರ ನಿಂತಿದ್ದೂ ಇರಬಹುದು ಅಂತ ವಿಜ್ಞಾನಿಗಳ ಅನುಮಾನ, ನಂಗಂತೂ ಅದು ಸರಿ ಅನ್ಸುತ್ತೆ.

ಮಿಸ್ ಹತ್ರ ಕಕ್ಕದ ವಿಷಯ ಧೈರ್ಯವಾಗಿ ಹೇಳು, ಮಾರ್ಕ್ಸ್ ಕಟ್ ಮಾಡಿದ್ರೆ ನಾನು ಮಾತಾಡ್ತೀನಿ.

ನಿನ್ನ
ಅಪ್ಪ