ಮಗಳಿಗೊಂದು ಪತ್ರ: ಗಿಟಾರಿನ ಜಿರ್ರ್ ಸದ್ದು ಹುಡುಕುವುದು ಹೇಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಾಯ್ಸ್ ನೋಟ್ ಕೇಳಿದೆ. ಐದನೇ ತಂತಿ ಮೀಟಿದ ಕೂಡಲೇ ಜಿರ್ರ್ ಅನ್ನುವ ಸದ್ದು ಸರಿಯಾಗಿಯೇ ಕೇಳುತ್ತಿದೆ. ಆದರೆ ಅದು ಗಿಟಾರಿನ ಯಾವ ಮೂಲೆಯದ್ದು ಅಂತ ಫೋನಿನಲ್ಲಿ ಕೇಳಿ ಹೇಳಲು ಆಗುವುದಿಲ್ಲ. ಮಡಿಲಲ್ಲಿ ಇಟ್ಟುಕೊಂಡು ನುಡಿಸುವ ನಿನಗೂ ಅದು ಗೊತ್ತಾಗುವುದು ಕಷ್ಟವೇ. ತಲೆಯ ಹತ್ತಿರ ಒಂದು ಸಣ್ಣ ನಟ್ ಸಡಿಲವಾಗಿದ್ದರೂ ಸದ್ದು ಮಾತ್ರ ಹೊಟ್ಟೆಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಗೆಳತಿ ಹೇಳಿದಳು ಅಂತ ಟ್ರಸ್ ರಾಡ್, ಅಂದರೆ ಕುತ್ತಿಗೆಯ ಬಾಗು ಸರಿಮಾಡಲು ಅದರೊಳಗೆ ಇರುವ ಲೋಹದ ಸಲಾಕೆ, ತಿರುಗಿಸಬೇಡ. ಸದ್ದಿನ ಜಾಗ ಗೊತ್ತಾಗುವವರೆಗೆ ಯಾವುದನ್ನೂ ಬಿಚ್ಚಬೇಡ, ಉಜ್ಜಬೇಡ. ಇಷ್ಟು ವರ್ಷ ರಿಪೇರಿ ಮಾಡುತ್ತಾ ಇದ್ದೇನಲ್ಲ, ನಿಜವಾಗಿ ಕೆಟ್ಟು ಬಂದ ಗಿಟಾರ್‌ಗಳಿಗಿಂತ, ಸದ್ದು ಹುಡುಕಲು ಹೋಗಿ ಕೆಡಿಸಿಕೊಂಡು ಬಂದ ಗಿಟಾರ್‌ಗಳನ್ನು ನೋಡುವಾಗ ನನಗೆ ಜಾಸ್ತಿ ಸಂಕಟ ಆಗುತ್ತದೆ.

ಮೊದಲು ಬೇರೆ ಕೋಣೆಗೆ ಹೋಗಿ ನುಡಿಸು. ಕಿಟಕಿಯ ಗಾಜು, ಟೇಬಲ್ ಮೇಲಿನ ಸ್ಟೀಲ್ ಲೋಟ, ಇವೆಲ್ಲ ತಮಗೆ ಹೊಂದುವ ಸ್ವರ ಸಿಕ್ಕಿದರೆ ನಡುಗುತ್ತವೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ, ಇಗರ್ಜಿಯ ಕ್ವಾಯರ್‌ನಲ್ಲಿ ನುಡಿಸುವವನು, ಅಂಗಡಿಗೆ ಬಂದಿದ್ದ. ನಾನು ನುಡಿಸಿದರೆ ಏನೂ ಇಲ್ಲ, ಅವನು ನುಡಿಸಿದರೆ ಜಿರ್ರ್. ಅವನ ಕೈಯ ತಪ್ಪು ಅಂತ ಯಾರೋ ಹೇಳಿ ಕಳಿಸಿದ್ದರಂತೆ, ಪಾಪ, ಮುಖ ಸಣ್ಣ ಮಾಡಿಕೊಂಡಿದ್ದ. ನೋಡಿದರೆ ಅವನ ಅಂಗಿಯ ಮೂರನೇ ಗುಂಡಿ ಗಿಟಾರಿನ ಬೆನ್ನಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಗಟ್ಟಿಯಾಗಿ ಒತ್ತಿದ್ದರೆ ಸದ್ದೇ ಬರುತ್ತಿರಲಿಲ್ಲ. ನೀನೂ ಟಿ ಶರ್ಟ್ ಹಾಕಿಕೊಂಡು, ಕುತ್ತಿಗೆಯ ಸರ ತೆಗೆದಿಟ್ಟು ಒಮ್ಮೆ ನುಡಿಸಿ ನೋಡು.

ಆಮೇಲೂ ಸದ್ದು ಇದ್ದರೆ ಮುಖ್ಯವಾದ ಪರೀಕ್ಷೆ ಮಾಡು. ಐದನೇ ತಂತಿಯನ್ನು ಒತ್ತದೆ ಮೀಟಿದರೆ ಬರುವುದು ಎ ಸ್ವರ, ಅಂದರೆ 110 ಹರ್ಟ್ಜ್. ಅದೇ ಸ್ವರ ಆರನೇ ತಂತಿಯ ಐದನೇ ಫ್ರೆಟ್‌ನಲ್ಲೂ ಸಿಗುತ್ತದೆ. (ಫ್ರೆಟ್ ಅಂದರೆ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ.) ಅಲ್ಲಿ ನುಡಿಸು. ಅಲ್ಲಿಯೂ ಜಿರ್ರ್ ಅಂದರೆ, ಸದ್ದು ಸ್ವರದ ಹಿಂದೆ ಬರುತ್ತಿದೆ. ಹಾಗಾದರೆ ಗಿಟಾರಿನಲ್ಲಿ ಏನೋ ಸಡಿಲವಾಗಿದೆ, ಆ ಸ್ವರಕ್ಕೆ ಅದು ಅಲುಗಾಡುತ್ತಿದೆ. ಅಲ್ಲಿ ಸದ್ದು ಇಲ್ಲ, ಐದನೇ ತಂತಿಯಲ್ಲಿ ಮಾತ್ರ ಇದೆ ಅಂದರೆ, ತೊಂದರೆ ಆ ತಂತಿಯ ದಾರಿಯಲ್ಲೇ ಇದೆ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸಡಿಲವಾದದ್ದು ಅಂತ ಗೊತ್ತಾದರೆ ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅದೇ ತಂತಿ ಮೀಟು. ಗೆಳತಿ ಮೀಟಿಕೊಟ್ಟರೆ ಇನ್ನೂ ಒಳ್ಳೆಯದು. ಟ್ಯೂನಿಂಗ್ ಕೀಗಳ ತಿರುಗಣೆ, ತಲೆಯ ಮುಂಭಾಗದಲ್ಲಿ ಅವುಗಳ ನಟ್‌ಗಳು, ಕತ್ತರಿಸದೆ ಬಿಟ್ಟ ತಂತಿಯ ಬಾಲ, ಪಟ್ಟಿ ಸಿಕ್ಕಿಸುವ ಗುಂಡಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ನಿನ್ನ ಗಿಟಾರಿನಲ್ಲಿ ಸದ್ದನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಇದೆ ಅಲ್ವಾ, ಬ್ಯಾಟರಿ ಡಬ್ಬಿಯ ಮುಚ್ಚಳ ಹಿಡಿದು ನೋಡು. ಒಳಗಿನ ವಯರ್ ಕ್ಲಿಪ್ಪಿನಿಂದ ಬಿಟ್ಟುಕೊಂಡು ಹಲಗೆಗೆ ಬಡಿಯುವುದೂ ಉಂಟು.

ಹೊರಗೆ ಏನೂ ಸಿಗದಿದ್ದರೆ ತಂತಿಗಳನ್ನು ಸಡಿಲ ಮಾಡಿ, ರಂಧ್ರದೊಳಗೆ ಕೈ ಹಾಕಿ, ಹೊಟ್ಟೆಯ ಮೇಲೆ ತಂತಿಗಳನ್ನು ಸಿಕ್ಕಿಸಿದ ಬ್ರಿಡ್ಜ್‌ನ ಕೆಳಗೆ ತಡವು. ಆರು ತಂತಿಗಳ ತುದಿಯ ಗುಂಡುಗಳು ಅಲ್ಲಿನ ಹಲಗೆಗೆ ಒತ್ತಿಕೊಂಡು ಕೂತಿರಬೇಕು. ಒಂದು ಗುಂಡು ಕೆಳಗೆ ಜೋತಾಡುತ್ತಿದ್ದರೆ ಅದನ್ನು ಬ್ರಿಡ್ಜ್‌ನಲ್ಲಿ ಹಿಡಿದಿಡುವ ಪಿನ್ ತೆಗೆದು, ಗುಂಡನ್ನು ಒಳಗೆ ಬಿಟ್ಟು, ಪಿನ್ ಒತ್ತುತ್ತಲೇ ತಂತಿಯನ್ನು ಮೇಲಕ್ಕೆ ಎಳೆ. ಟಕ್ ಅಂತ ಕೂರುವುದು ಬೆರಳಿಗೆ ಗೊತ್ತಾಗುತ್ತದೆ. ಕೊನೆಗೆ ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗು. ಎಲ್ಲ ಕಡೆ ದುಂಡಗಿನ ಸದ್ದು ಬಂದು ಒಂದು ಕಡೆ ಮಾತ್ರ ಒಡಕು ಬಂದರೆ, ಹಲಗೆಗೆ ಒಳಗಿನಿಂದ ಆಧಾರ ಕೊಡುವ ಮರದ ಪಟ್ಟಿ, ಅಂದರೆ ಬ್ರೇಸ್, ಅಂಟು ಬಿಟ್ಟಿರಬಹುದು.

ತಂತಿಯ ದಾರಿಯಲ್ಲೇ ತೊಂದರೆ ಇದ್ದರೆ ಮೊದಲನೇ ಫ್ರೆಟ್ ಮೇಲೆ ಕಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ ನುಡಿಸು. ಸದ್ದು ನಿಂತಿತಾ? ಹಾಗಾದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ (ಇದಕ್ಕೂ ನಟ್ ಅಂತಲೇ ಹೆಸರು) ಸೀಳು ತುಂಬಾ ಆಳವಾಗಿರಬಹುದು. ತಂತಿಯ ಕೆಳಗೆ ಸೀಳಿನಲ್ಲಿ ಒಂದು ಚೂರು ಕಾಗದ ಇಟ್ಟು ಮತ್ತೆ ಮೀಟು, ಸದ್ದು ಹೋದರೆ ಅದೇ ಖಚಿತ. ಸೀಳು ಮುಂದಕ್ಕೆ ಇಳಿಜಾರಾಗಿ ತಂತಿ ಅದರ ಮೇಲೆ ಮಲಗಿದ್ದರೂ ಸಿತಾರಿನಂಥ ಸದ್ದು ಬರುತ್ತದೆ. ಅಜ್ಜಿಯ ತಂಬೂರಿಯಲ್ಲಿ ಅಗಲವಾದ ಕುದುರೆಯ (ಅದರ ಬ್ರಿಡ್ಜ್) ಮೇಲೆ ನೂಲಿಟ್ಟು ಅದೇ ಸದ್ದನ್ನು ಬೇಕೆಂದೇ ಹೊರಡಿಸುತ್ತಿದ್ದರು. ನೂಲು ಒಂದು ಕೂದಲೆಳೆ ಸರಿದರೂ ಆ ಝೇಂಕಾರ ಹೋಗಿಬಿಡುತ್ತಿತ್ತು, ಮತ್ತೆ ಸರಿಮಾಡಿಕೊಳ್ಳದೆ ಅಜ್ಜಿ ಹಾಡುತ್ತಿರಲಿಲ್ಲ. ಗಿಟಾರಿನಲ್ಲಿ ಮಾತ್ರ ತಂತಿ ಸರಿಯಾದ ಅಂಚಿನಿಂದಲೇ ಬಿಟ್ಟುಕೊಳ್ಳಬೇಕು.

ಒತ್ತಿ ನುಡಿಸುವಾಗ ಒಂದೇ ಜಾಗದಲ್ಲಿ ಸದ್ದು ಬಂದರೆ, ಸಾಮಾನ್ಯವಾಗಿ ಒತ್ತಿದ ಫ್ರೆಟ್ ಅಲ್ಲ, ಅದರ ಮುಂದಿನದ್ದು ಎತ್ತರವಾಗಿರುತ್ತದೆ. ಹಳೇ ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸು. ನಡುವಿನದ್ದು ಎತ್ತರವಿದ್ದರೆ ಕಾರ್ಡ್ ಅತ್ತ ಇತ್ತ ತೂಗುತ್ತದೆ.

ಆದರೆ ಪುಟ್ಟಿ, ನನಗೆ ಜಾಸ್ತಿ ಅನುಮಾನ ಇರುವುದು ನಿಮ್ಮ ಜೈಪುರದ ಹವೆಯ ಮೇಲೆ. ಮಂಗಳೂರಿನ ಸೆಖೆಯಲ್ಲಿ ಬೆಳೆದ ಗಿಟಾರ್ ಅದು. ಏಪ್ರಿಲ್ ತಿಂಗಳ ಒಣ ಬಿಸಿಗೆ ಮರ ಕುಗ್ಗುತ್ತದೆ, ಮೇಲಿನ ಹಲಗೆ ಇಳಿಯುತ್ತದೆ, ಅದರ ಜೊತೆ ಬ್ರಿಡ್ಜ್ ಕೂಡ ಇಳಿದು ತಂತಿಗಳು ಫ್ರೆಟ್‌ಗೆ ಹತ್ತಿರವಾಗುತ್ತವೆ. ಕುತ್ತಿಗೆಯ ಅಂಚಿನ ಮೇಲೆ ಬೆರಳು ಓಡಿಸು. ಮೊದಲು ಚುಚ್ಚದಿದ್ದ ಫ್ರೆಟ್ ತುದಿಗಳು ಈಗ ಚುಚ್ಚಿದರೆ ಮರ ಒಣಗಿದೆ ಅಂತಲೇ ಅರ್ಥ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಇಟ್ಟು, ಗಿಟಾರ್ ಕೇಸ್ ಒಳಗೆ ತಲೆಯ ಹತ್ತಿರ ಇಡು. ಸ್ಪಂಜ್ ಚೆನ್ನಾಗಿ ಹಿಂಡಿರಬೇಕು, ಒಂದು ಹನಿಯೂ ಮರಕ್ಕೆ ಬೀಳಬಾರದು. ತೇವ ಅಳೆಯುವ ಚಿಕ್ಕ ಮೀಟರ್ ಒಂದನ್ನು ತೆಗೆದುಕೋ, ದುಡ್ಡು ಕಳಿಸುತ್ತೇನೆ. ಕೇಸ್ ಒಳಗೆ 45ರಿಂದ 55 ಶೇಕಡಾ ಇದ್ದರೆ ಸಾಕು. ಒಂದು ವಾರ ಹಾಗೇ ಬಿಡು. ಬರೀ ಇಷ್ಟಕ್ಕೇ ಸದ್ದು ಹೋದರೆ ನನಗೆ ಆಶ್ಚರ್ಯವಿಲ್ಲ.

ಹೋಗದಿದ್ದರೆ ಆರನೇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಕಾಪೋದಿಂದ ಒತ್ತಿ, ಕುತ್ತಿಗೆ ಹೊಟ್ಟೆಗೆ ಸೇರುವ 14ನೇ ಫ್ರೆಟ್‌ನಲ್ಲಿ ಬೆರಳಿಟ್ಟು, ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ನೋಡು. ಕಾಲು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಇರಬೇಕು. ಸಂದೇ ಇಲ್ಲದಿದ್ದರೆ ಆಗ ಟ್ರಸ್ ರಾಡ್ ಮಾತು. ಆ ದಿನ ವೀಡಿಯೊ ಕಾಲ್ ಮಾಡು, ನಾನು ನೋಡುತ್ತಾ ಹೇಳಿಕೊಡುತ್ತೇನೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸುವುದು ಬೇಡ.

ಬ್ರೇಸ್ ಬಿಟ್ಟಿದ್ದರೆ ಅಥವಾ ಫ್ರೆಟ್ ಎದ್ದಿದ್ದರೆ ತಂತಿಗಳನ್ನು ಸಡಿಲಿಸಿ ಕೇಸ್‌ನಲ್ಲಿಟ್ಟುಬಿಡು, ಮೇ ರಜೆಗೆ ಬರುವಾಗ ತಾ. ರೈಲಿನಲ್ಲಿ ಮೇಲಿನ ಬರ್ತ್‌ನಲ್ಲಿ ನಿನ್ನ ಪಕ್ಕದಲ್ಲೇ ಮಲಗಿಸಿಕೋ, ಸೀಟಿನ ಕೆಳಗೆ ಬೇಡ.

ನಿನ್ನ ಅಪ್ಪ